ಕೈ ಒಳಗಿದ್ದವರ ಫೋನು

ಮೇವು ಕತ್ತರಿಸುವ ಮಿಷನ್ನಿಗೆ ಫೋನಿನಿಂದಲೇ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ಹಾಕಿಸಿದಾಗಿನಿಂದ ನಿಂಗನಗೌಡ್ರ ಹೆಬ್ಬೆರಳು ಸುಮ್ಮನಿರಲಿಲ್ಲ. ಅಲಗಿಗೆ ಸಿಕ್ಕಿದ ದಂಟನ್ನು ಆಳು ಫಕೀರವ್ವ ತೆಗೆಯುವಾಗಲೂ ಅದು ಸ್ಕ್ರೀನಿನ ಮೇಲೆ ಕುಣಿಯುತ್ತಿತ್ತು. ಒಂದು ದಿನ ಮಿಷನ್ ತಟ್ಟನೆ ಚಾಲೂ ಆಗಿ ಅವಳ ಬಳೆ ಒಡೆಯಿತು. ಮರುದಿನ ಮತ್ತೆ ದಂಟು ಸಿಕ್ಕಿದಾಗ ಅವಳು ಮಿಷನ್ನಿಗೆ ಕೈ ಹಾಕದೆ ಗೌಡ್ರ ಮುಂದೆ ಕೈ ಚಾಚಿದಳು.

"ಫೋನು ನನಗ ಕೊಡ್ರಿ, ಗೌಡ್ರ."

"ಹೆಣ್ಣಾಳಿಗ್ಯಾಕ ಫೋನು? ನಾ ಇದ್ದೀನಲ್ಲ! ಕೈ ಹಾಕು!"

"ಎಲ್ಲೀತನಕ ಹಾಕಬೇಕು, ನೀವ ಒಮ್ಮೆ ತೋರಿಸ್ರಿ. ಫೋನು ನಾ ಹಿಡಕೋತೀನಿ."

ಗೌಡ್ರು ಫೋನು ಕೊಟ್ಟು, ಠೀವಿಯಿಂದ ಕೈ ಹಾಕಿದರು.

ಫಕೀರವ್ವ ಸ್ಕ್ರೀನಿನ ಮೇಲೆ ಬೆರಳಾಡಿಸುತ್ತಾ ಕೇಳಿದಳು: "ಚಾಲೂ ಮಾಡೂದು ಹಸರೋ, ಕೆಂಪೋ?"

ಗೌಡ್ರು ಕೈ ಎಳೆದುಕೊಂಡ ರಭಸಕ್ಕೆ ತಲೆಯ ರುಮಾಲೇ ಉರುಳಿತು.

ಅಂದಿನಿಂದ ಯಾರ ಕೈ ಒಳಗೋ, ಫೋನು ಅವರ ಮಡಿಲಲ್ಲೇ. ಆಗ ಗೌಡ್ರಿಗೆ ಯಾರಾದರೂ ಫೋನು ಮಾಡಿದರೆ ಫಕೀರವ್ವನೇ ಎತ್ತುತ್ತಾಳೆ: "ದಂಟು ತೆಗೆಯೂದೈತಿ, ಆಮ್ಯಾಲ ಮಾಡ್ರಿ!"