ಗಾರೆ ಕುಟ್ಟುವವರ ಹಾಡು

"ಗುರುಗಳೇ, ಹಾಡಿನಿಂದ ಯಾರ ಮನಸ್ಸಾದರೂ ಬದಲಾಗುತ್ತದೆಯೇ?" ಎಂದು ಶಿಷ್ಯ ಕೇಳಿದ.

ಕೇಳುವಾಗ ಅವನು ತನ್ನ ಏಕತಾರಿಯ ತಂತಿ ಬಿಚ್ಚುತ್ತಿದ್ದ. ಬಡವರನ್ನು ಬಿಟ್ಟಿ ದುಡಿಸುವ ಸಾಹುಕಾರರ ಮೇಲೆ ಪದ ಕಟ್ಟಿ ಹಿಂದಿನ ದಿನ ಸಂತೆಯಲ್ಲಿ ಹಾಡಿ ಬಂದಿದ್ದ. ಜನ ಮುಗಿಬಿದ್ದು ಕೇಳಿದರು, ತಲೆದೂಗಿದರು, ಚಪ್ಪಾಳೆ ತಟ್ಟಿದರು. ಬೆಳಗಾಗುತ್ತಲೇ ಅದೇ ಜನ ಅದೇ ಸಾಹುಕಾರರ ಹೊಲಕ್ಕೆ ತಲೆ ತಗ್ಗಿಸಿಕೊಂಡು ಹೋದರು. "ಇದು ಇನ್ನು ಒಲೆಗೇ ಸರಿ" ಎಂದ ಶಿಷ್ಯ.

"ಒಲೆಗೆ ಆಮೇಲೆ ಹಾಕುವೆಯಂತೆ. ಒಲೆ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದ ಗುರುಗಳು ಕತೆ ಶುರುಮಾಡಿದರು.

ಒಬ್ಬ ಪಾಳೆಯಗಾರನಿದ್ದ. ಗುಡ್ಡದ ಮೇಲೊಂದು ಕೋಟೆ ಕಟ್ಟಿಸುವ ಹುಚ್ಚು ಅವನಿಗೆ ಹಿಡಿಯಿತು. ಗುಡ್ಡದ ಕೆಳಗಿನ ಊರಿನವರು ಮನೆಗೊಬ್ಬರಂತೆ ಬಂದು ದುಡಿಯಬೇಕೆಂದು ಡಂಗುರ ಹೊಡೆಸಿದ. ಕೂಲಿ ಇಲ್ಲ. ಕೋಟೆಯೊಳಗೆ ತಾವೇ ತೋಡಿದ ಬಾವಿಯ ನೀರನ್ನು ಮುಟ್ಟುವ ಹಾಗೂ ಇಲ್ಲ. ಬಿಟ್ಟಿ ಕೆಲಸ ಹೇಗೆ ನಡೆಯುತ್ತದೆಂದು ನಿನಗೆ ಗೊತ್ತಲ್ಲ. ಗಂಡಸರು ಕಲ್ಲು ಹೊತ್ತ ಹಾಗೆ ಮಾಡಿದರು, ಹೆಂಗಸರು ಗಾರೆ ಕುಟ್ಟಿದ ಹಾಗೆ ಮಾಡಿದರು. ಮೊದಲ ಮಳೆಗೇ ಒಂದು ಗೋಡೆ ಮಗುಚಿ ಬಿತ್ತು.

ಚಾವಟಿ ಬೀಸಿದರೂ ಗಾರೆ ಗಟ್ಟಿಯಾಗಲಿಲ್ಲ. ಆಗ ಪಾಳೆಯಗಾರ ತನ್ನ ಆಸ್ಥಾನದ ಕವಿಯನ್ನು ಕರೆಸಿದ. ಈ ಕೋಟೆ ತಮ್ಮದೇ ಎಂದು ಊರಿನವರು ನಂಬುವಂಥ ಹಾಡೊಂದನ್ನು ಬರೆಯಲು ಹೇಳಿದ. ನಂಬಿದರೆ ಮೈಮುರಿದು ದುಡಿಯುತ್ತಾರೆ ಎಂಬುದು ಅವನ ಲೆಕ್ಕಾಚಾರ. ಕವಿ ಬರೆದುಕೊಟ್ಟ.

ಗಾರೆ ಕುಟ್ಟುವುದಕ್ಕೆ ಒಂದು ಕ್ರಮವಿದೆ. ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ಎಲ್ಲರೂ ಒಟ್ಟಿಗೆ ಬಡಿಯಬೇಕು. ಅದಕ್ಕಾಗಿ ಒಬ್ಬಳು ಹಾಡಿನ ಸೊಲ್ಲು ಎತ್ತುತ್ತಾಳೆ, ಉಳಿದವರು ಪೆಟ್ಟು ಹಾಕುತ್ತಲೇ ಅದಕ್ಕೆ ಉತ್ತರ ಹಾಡುತ್ತಾರೆ. ಬಾಯಿ ಮುಚ್ಚಿ ಕೂತವಳ ಕೈ ತಪ್ಪುತ್ತದೆ. ಸುಮ್ಮನೆ ಕೇಳಿಸಿಕೊಂಡು ಕೂರುವವರಿಗೆ ಆ ಸಾಲಿನಲ್ಲಿ ಜಾಗವಿಲ್ಲ.

ಸೊಲ್ಲು ಎತ್ತುತ್ತಿದ್ದವಳು ಒಬ್ಬ ಅಜ್ಜಿ. ಬಾಯಿ ಸ್ವಲ್ಪ ಜೋರು. ಕವಿ ಬಂದು ಹಾಡು ಕಲಿಸಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. "ಯಾರ ಕೋಟೆ?" ಎಂದು ಅವಳು ಕೇಳಬೇಕಂತೆ, "ನಮ್ಮ ಕೋಟೆ" ಎಂದು ಸಾಲಿನವರೆಲ್ಲ ಹೇಳಬೇಕಂತೆ. "ಯಾರ ಬಾವಿ?" "ನಮ್ಮ ಬಾವಿ." "ಯಾರ ಬಾಗಿಲು?" "ನಮ್ಮ ಬಾಗಿಲು." ಗುಟುಕು ನೀರಿಗೆ ಗತಿಯಿಲ್ಲ, ಬಾವಿ ನಮ್ಮದಂತೆ ಎಂದು ಮೂಗು ಮುರಿದಳು. ಅಣಕಿಸುತ್ತಲೇ ಹಾಡಿದಳು. ಆದರೆ ದಿನವಿಡೀ ಎಷ್ಟು ಅಂತ ಅಣಕಿಸುವುದು? ಬರಬರುತ್ತ ಅಣಕ ಉದುರಿಹೋಯಿತು, ಹಾಡು ಉಳಿಯಿತು. ಮನೆಯಲ್ಲಿ ಮೊಮ್ಮಗಳನ್ನು ತೂಗುವಾಗಲೂ ಅದೇ ಬಾಯಿಗೆ ಬಂತು. ಕಲ್ಲು ಹೊರುವ ಗಂಡಸರೂ ಉತ್ತರ ಕೂಗತೊಡಗಿದರು. ಗೋಡೆ ಉಕ್ಕಿನ ಹಾಗೆ ಎದ್ದು ನಿಂತಿತು. ಪಾಳೆಯಗಾರ ಮೀಸೆಯಡಿ ನಕ್ಕ.

ಕೆಲಸ ಮುಗಿಯಿತು. ಕಲ್ಲು ಹೊತ್ತವರಲ್ಲಿ ಕೆಲವರನ್ನು ಬಾಗಿಲ ಕಾವಲಿಗೆ ಇಟ್ಟುಕೊಂಡು ಉಳಿದವರನ್ನು ಪಾಳೆಯಗಾರ ಕೆಳಗೆ ಅಟ್ಟಿದ.

ಮರುವರ್ಷ ಪರನಾಡಿನ ದಂಡೊಂದು ಊರೂರು ಸುಡುತ್ತ ಬಂತು. ಪಾಳೆಯಗಾರ ತನ್ನ ಬಳಗವನ್ನೂ ಕುದುರೆಗಳನ್ನೂ ಒಳಗೆ ಸೇರಿಸಿಕೊಂಡು ಬಾಗಿಲು ಹಾಕಿಸಿದ. ಊರಿಗೆ ಊರೇ ಮಕ್ಕಳುಮರಿ ಕಟ್ಟಿಕೊಂಡು ಗುಡ್ಡ ಹತ್ತಿತು. ಬಾಗಿಲು ತೆಗೆದವರ ತಲೆ ಹೋಗುತ್ತದೆ ಎಂಬ ಕೂಗು ಮೇಲಿನಿಂದ ಬಂತು. ಹಿಂದೆ ದಂಡಿನ ಧೂಳು ಕಾಣುತ್ತಿತ್ತು. ಜನ ಕೈಮುಗಿದು ಅಂಗಲಾಚತೊಡಗಿದರು.

ಅಜ್ಜಿಯೂ ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದಳು. ಕೈಮುಗಿಯಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ. ಅನ್ನಿಸಿದ್ದು ಸಿಟ್ಟು. ತನ್ನ ಮನೆಗೆ ಹೊರಗಿನಿಂದ ಚಿಲಕ ಹಾಕಿದರೆ ಬರುವಂಥ ಸಿಟ್ಟು. ಇದು ತನ್ನದೆಂದು ತಾನು ಯಾವಾಗ ನಂಬಿದೆ ಎಂದು ಅವಳಿಗೇ ತಿಳಿಯದು. ಮಗುವನ್ನು ಸೊಸೆಗೆ ಕೊಟ್ಟು ಒಂದು ಕಲ್ಲು ಎತ್ತಿಕೊಂಡಳು. ಗಾರೆ ಕುಟ್ಟುವ ತಾಳದಲ್ಲೇ ಬಾಗಿಲಿಗೆ ಬಡಿದು ಸೊಲ್ಲು ಎತ್ತಿದಳು. "ಯಾರ ಕೋಟೆ?"

ಮುಗಿದ ಕೈಗಳು ಕೆಳಗಿಳಿದವು. "ನಮ್ಮ ಕೋಟೆ" ಎಂದಿತು ಊರು.

"ಯಾರ ಬಾಗಿಲು?"

ಈ ಸಲ ಉತ್ತರ ಬಾಗಿಲ ಒಳಗಿನಿಂದಲೂ ಬಂತು. ಕಾವಲಿನವರೂ ಅದೇ ಹಾಡು ಹಾಡಿ ಕಲ್ಲು ಹೊತ್ತವರಲ್ಲವೇ? ನಮ್ಮ ಬಾಗಿಲು ಎಂದು ಬಾಯಿಬಿಟ್ಟು ಹೇಳಿದ ಮೇಲೆ ಅದನ್ನು ಮುಚ್ಚಿ ಹಿಡಿಯುವುದು ಅವರ ಕೈಯಿಂದಾಗಲಿಲ್ಲ. ಅಗುಳಿ ಸರಿಯಿತು. ಪಾಳೆಯಗಾರ ಗಂಟಲು ಹರಿಯುವಂತೆ ಕೂಗಿದ, ಹಾಡಿನಲ್ಲಿ ಅವನ ಕೂಗು ಯಾರಿಗೂ ಕೇಳಿಸಲಿಲ್ಲ. ಊರಿಗೆ ಊರೇ ಹಾಡಿಕೊಂಡು ಒಳಗೆ ನುಗ್ಗಿತು, ಬಾಗಿಲು ಹಾಕಿ ಗೋಡೆಯ ಮೇಲೆ ಸಾಲುಗಟ್ಟಿ ನಿಂತಿತು. ಗೋಡೆಯ ತುಂಬ ಜನ ನಿಂತದ್ದನ್ನು ಕಂಡ ದಂಡು ಇದು ದಕ್ಕುವುದಲ್ಲ ಎಂದು ಬಂದ ದಾರಿ ಹಿಡಿಯಿತು. ಅಜ್ಜಿ ನೆಟ್ಟಗೆ ಬಾವಿಗೆ ಹೋಗಿ ಹೊಟ್ಟೆ ತುಂಬ ನೀರು ಕುಡಿದಳು. ಹಣೆಗೂ ಹಚ್ಚಿಕೊಂಡಳು.

ಆ ಬಾಗಿಲನ್ನು ಊರಿನ ಮುಖಕ್ಕೆ ಮುಚ್ಚುವ ಧೈರ್ಯ ಮುಂದೆ ಯಾವ ಪಾಳೆಯಗಾರನಿಗೂ ಬರಲಿಲ್ಲ.

ಅವತ್ತು ಆ ಪಾಳೆಯಗಾರ ಕವಿಯನ್ನು ಹಿಡಿದು, "ಎಂಥ ಹಾಡು ಬರೆದುಕೊಟ್ಟೆಯಯ್ಯಾ" ಎಂದು ಹಲ್ಲು ಕಡಿದ.

"ಅವರು ನಂಬಬೇಕು ಎಂದು ಅಪ್ಪಣೆಯಾಗಿತ್ತು, ಬುದ್ಧಿ. ನಂಬಿದರು" ಎಂದ ಕವಿ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು, ಆದರೂ ಒಳಗಿನ ಮುಳ್ಳು ಹೋಗಿರಲಿಲ್ಲ. "ಅಷ್ಟು ಸುಳ್ಳು ಹಾಡಿಗೆ ಅಷ್ಟು ಬಲವಿದ್ದರೆ, ನನ್ನ ನಿಜದ ಹಾಡಿಗೆ ಏಕಿಲ್ಲ? ಇಡೀ ಸಂತೆಯೇ ಅದನ್ನು ಕೇಳಿತಲ್ಲ" ಎಂದ.

ಗುರುಗಳು ಅವನ ಕೈಯಿಂದ ಏಕತಾರಿ ತೆಗೆದುಕೊಂಡು, ಬಿಚ್ಚಿದ್ದ ತಂತಿಯನ್ನು ಮತ್ತೆ ಬಿಗಿದು ಕೊಟ್ಟರು.

"ಕೇಳಿತು ಸರಿ, ಹಾಡಿದವನು ನೀನೊಬ್ಬನೇ ಅಲ್ಲವೇ?"