ಕರೆ ನಿಂತಾಗ

ಪರಲೋಕದ ಹುಲ್ಲುಗಾವಲಿಗೆ ಸೇರಿಸುವೆನೆಂದು ಕುರುಬನು ಕೊಟ್ಟ ಮಾತನ್ನು ನಂಬಿ ಕುಂಟ ಕುರಿಯೊಂದು ಮಂಜು ಮುಸುಕಿದ ಬೆಟ್ಟ ಹತ್ತುತ್ತಿತ್ತು. ಮಂದೆಯೆಲ್ಲ ಮುಂದೆ ಹೋಗಿತ್ತು. ಕುರುಬನ ಕರೆ ಮಾತ್ರ ಕೇಳಿಸುತ್ತಿತ್ತು. ಬೇಸತ್ತು ಹಿಂದಿರುಗುತ್ತಿದ್ದ ಮೇಕೆಯೊಂದು, “ಆ ಹುಲ್ಲುಗಾವಲನ್ನು ಕಂಡಿದ್ದೀಯಾ?” ಎಂದು ಕೇಳಿತು.

“ಇಲ್ಲ.”

“ದಾರಿಯಾದರೂ ತಿಳಿದಿದೆಯೇ?”

“ಅದೂ ಇಲ್ಲ. ಆ ದನಿ ಗೊತ್ತು.”

ಅಷ್ಟರಲ್ಲಿ ದನಿಯೂ ನಿಂತುಹೋಯಿತು. “ನಿನ್ನನ್ನು ಮರೆತ,” ಎಂದು ಮೇಕೆ ಇಳಿದುಹೋಯಿತು. ಕುರಿ ಹೆದರುತ್ತಲೇ, ಕಡೆಯ ಸಲ ಕರೆ ಕೇಳಿಸಿದತ್ತ ಒಂದೊಂದೇ ಹೆಜ್ಜೆಯಿಟ್ಟಿತು. ಮಂಜಿನೊಳಗಿಂದ ಎರಡು ಕೈಗಳು ಅದನ್ನು ಎತ್ತಿ ಹೆಗಲಿಗೇರಿಸಿಕೊಂಡವು.

“ಒಡೆಯಾ, ಕರೆಯುವುದನ್ನು ಯಾಕೆ ನಿಲ್ಲಿಸಿದೆ?” ಎಂದಿತು ಕುರಿ.

ಹುಲ್ಲುಗಾವಲಿನತ್ತ ನಡೆಯುತ್ತಾ ಕುರುಬನು ಹೇಳಿದನು: “ನೀನೆಲ್ಲಿದ್ದೀಯೆಂದು ತಿಳಿಯಲು ನಿನ್ನ ಹೆಜ್ಜೆಯ ಸದ್ದನ್ನು ಆಲಿಸುತ್ತಿದ್ದೆ.”