ಹಾಸುಗಂಬಳಿ ಗುಡ್ಡ

ಕಣಿವೆಹಟ್ಟಿಯಿಂದ ಮೂಡಣಕ್ಕೆ ಒಂದು ಹರದಾರಿ ನಡೆದರೆ ಹಾಸುಗಂಬಳಿ ಗುಡ್ಡ ಸಿಗುತ್ತದೆ. ನೆತ್ತಿಯ ಮೇಲೆ ಅಂದವಾದ ಕಲ್ಲುಗುಡಿಯೊಂದಿದೆ, ಒಳಗೆ ದೇವರಿಲ್ಲ. ದೇವಿ ಮರಡಿಯಮ್ಮ ಕೂತಿರುವುದು ಅರ್ಧ ದಾರಿಯಲ್ಲಿ, ದೊಣೆಯ ಪಕ್ಕದಲ್ಲಿ, ಬಿಸಿಲಿಗೆ ಮೈಯೊಡ್ಡಿ. ದೊಣೆಯೆಂದರೆ ಬಂಡೆಯ ತಗ್ಗಿನಲ್ಲಿ ನಿಂತ ನೀರು. ಎಂಥ ಬೇಸಗೆಯಲ್ಲೂ ಅದು ಬತ್ತಿದ್ದನ್ನು ಕಂಡವರಿಲ್ಲ. ಗುಡ್ಡ ಕಂಬಳಿ ಹಾಸಿದ ಹಾಗೆ ಕಾಣುವುದರಿಂದ ಈ ಹೆಸರು ಎಂದು ಪೇಟೆಯಿಂದ ಬಂದವರು ಒಬ್ಬರಿಗೊಬ್ಬರು ವಿವರಿಸುವುದುಂಟು. ಯಾವ ದಿಕ್ಕಿನಿಂದ ನೋಡಿದರೆ ಹಾಗೆ ಕಾಣುತ್ತದೋ ಆ ಅಮ್ಮನೇ ಬಲ್ಲಳು! ಹಟ್ಟಿಯ ಹಿರಿಯರು ಮಾತ್ರ ಈ ಮಾತಿಗೆ ನಕ್ಕು, ಮಾಳವ್ವನ ಕತೆ ತೆಗೆಯುತ್ತಾರೆ.

ಹಿಂದೆ ಒಮ್ಮೆ ಬಿಚ್ಚಪ್ಪನಾಯಕನೆಂಬ ಪಾಳೆಯಗಾರ ಈ ಸೀಮೆಯನ್ನು ಆಳುತ್ತಿದ್ದ. ಕೆಟ್ಟವನಲ್ಲ, ಭಕ್ತಿ ಸ್ವಲ್ಪ ತಲೆಗೇರಿತ್ತು ಅಷ್ಟೆ. ಊರೊಳಗಿದ್ದ ಮರಡಿಯಮ್ಮನನ್ನು ಗುಡ್ಡದ ನೆತ್ತಿಯಲ್ಲಿ ನೆಲೆಗೊಳಿಸಬೇಕೆಂದು ಗುಡಿ ಕಟ್ಟಿಸಿದ, ಬೆಳ್ಳಿಯ ಪೀಠ ಮಾಡಿಸಿದ. ಇಡೀ ಗುಡ್ಡ ಇನ್ನು ದೇವರಿಗೆ ಮೀಸಲು, ಕುರಿಯ ಗೊರಸು ಸೋಕಿದರೆ ಮೈಲಿಗೆ ಎಂದು ಡಂಗುರ ಹೊಡೆಸಿ ಸುತ್ತ ಮುಳ್ಳುಬೇಲಿ ಹಾಕಿಸಿದ. ಚೈತ್ರದ ಬಿಸಿಲು. ಆ ದೊಣೆ ಬಿಟ್ಟರೆ ಕುರಿಗಳಿಗೆ ನೀರು ಇದ್ದದ್ದು ಮೂರು ಹರದಾರಿ ಆಚೆ. ಗಂಡ ಸತ್ತ ಮೇಲೆ ಒಬ್ಬಳೇ ಮಂದೆ ಕಾಯುತ್ತಿದ್ದ ಕುರುಬರ ಮಾಳವ್ವನಿಗೆ ಒಂದೇ ವಾರದಲ್ಲಿ ಹನ್ನೊಂದು ಮರಿ ಸತ್ತವು. ಹನ್ನೊಂದನೆಯದನ್ನು ಹೂಳುವಾಗ ಅವಳಿಗೆ ಅಳು ಬರಲಿಲ್ಲ, ಹೊಟ್ಟೆ ಉರಿಯಿತು.

ಪ್ರತಿಷ್ಠೆಯ ದಿನ ಕುರಿಗಳನ್ನು ಬೇಲಿಯಾಚೆ ಬಿಟ್ಟು ಜನ ಬರಬಹುದೆಂದು ಅಪ್ಪಣೆಯಾಗಿತ್ತು. ಮಾಳವ್ವನೂ ಕಂಬಳಿ ಹೊದ್ದು ಹತ್ತಿದಳು. ಬೆಳ್ಳಿಯ ಪೀಠ ಹೊತ್ತವರು ಹುರುಪಿನಲ್ಲಿ ಮೊದಲೇ ನೆತ್ತಿ ಸೇರಿಬಿಟ್ಟರು. ಹಿಂದೆ ದೇವಿಯನ್ನು ಹೊತ್ತವರಿಗೆ ನಡುಹಗಲಿನ ಏರಿನಲ್ಲಿ, ದೊಣೆಯ ಬಳಿ, ಹೆಗಲು ಸೋತು ಕಾಲು ನಡುಗಿತು. ದೇವರನ್ನು ಬರಿನೆಲಕ್ಕೆ ಇಳಿಸುವಂತಿಲ್ಲ. ಪೂಜಾರಿ ಗಿರಿಯಪ್ಪ ಗಾಬರಿಯಿಂದ ಕಂಬಳಿ, ಕಂಬಳಿ ಎಂದು ಕೂಗಿದ. ಕುರುಬರ ಕಂಬಳಿ ಯಾವತ್ತೂ ಮಡಿ. ಅದನ್ನು ಮಡಿಸಿ ಹಾಸಿದರೆ ಅದೇ ಗದ್ದುಗೆ. ಹತ್ತಿರವಿದ್ದ ಮಾಳವ್ವ ಹಿಂದುಮುಂದು ನೋಡದೆ ಹೆಗಲ ಮೇಲಿನದನ್ನು ತೆಗೆದು ಹಾಸಿದಳು, ಅಮ್ಮ ಕೂತಳು. ದಣಿವಾರಿದ ಮೇಲೆ ಪೂಜಾರಿ ಮಾಳವ್ವನಿಗೆ, ಇನ್ನು ಎತ್ತು ತಾಯಿ, ಎಂದ. ಹಾಸಿದ ಕೈ ಮೊದಲು ಕಂಬಳಿಯ ಅಂಚು ಎತ್ತಬೇಕು, ಆಮೇಲೆಯೇ ದೇವರು ಏಳುವುದು ಎಂಬುದು ಇಲ್ಲಿಯ ಕಟ್ಟಳೆ. ಮಾಳವ್ವ ಬಗ್ಗಿ ಅಂಚು ಹಿಡಿದಳು. ಆಗ ಬೇಲಿಯಾಚೆಯಿಂದ ಅವಳ ಕುರಿಗಳು ಅರಚಿದವು, ನೀರಿನ ವಾಸನೆ ಅವಕ್ಕೆ ಬಡಿದಿತ್ತು. ಅವಳು ಅಂಚು ಬಿಟ್ಟು ಅಲ್ಲೇ ಕೂತುಬಿಟ್ಟಳು.

ನಾಯಕ ರೇಗಿದ. ಆಳೊಬ್ಬ ಕಂಬಳಿಗೆ ಕೈ ಹಾಕಲು ಬಂದಾಗ ಗಿರಿಯಪ್ಪ ಅಡ್ಡ ನಿಂತು, ಬೇರೆ ಕೈ ತಾಕಿದರೆ ಅಮ್ಮನನ್ನು ನೆಲಕ್ಕೆ ಕೆಡವಿದ ಹಾಗೆ ಎಂದ. ಕುರಿ ಬಂದರೆ ಜಾಗ ಕೆಡುತ್ತದೆಂಬುದು ಇವಳಿಗೆ ತಿಳಿಯದೇ ಎಂದು ನಾಯಕ ಗದರಿದ. ಮಾಳವ್ವ ತಲೆಯೆತ್ತಿ ಹೇಳಿದಳು:

“ಇದು ಕುರಿಯ ತುಪ್ಪಟವೇ ಬುದ್ಧಿ. ಇದರ ಮೇಲೆ ಅಮ್ಮ ಕೂರಬಹುದು, ಆ ಕುರಿ ಒಂದು ಗುಟುಕು ನೀರು ಕುಡಿದರೆ ಮೈಲಿಗೆಯೇ? ಅವು ಕುಡಿದು ಮುಗಿಸಲಿ, ಎತ್ತುತ್ತೇನೆ.”

ನಾಯಕ ಕಂಬಳಿಯನ್ನು ನೋಡಿದ, ಅಮ್ಮನನ್ನು ನೋಡಿದ, ಕೊನೆಗೆ ಬೇಲಿ ತೆಗೆಯಿರಿ ಎಂದ. ಮಾಳವ್ವನ ಮಂದೆ ನುಗ್ಗಿ ಬಂತು. ಅದರ ಹಿಂದೆ ಪಕ್ಕದ ಹಟ್ಟಿಯದು, ಸುದ್ದಿ ತಿಳಿದು ಸಂಜೆಯ ಹೊತ್ತಿಗೆ ಏಳು ಹಟ್ಟಿಗಳವು. ಮರುದಿನ ಮತ್ತೆ ಬಂದವು, ಮಾಳವ್ವ ಅಂಚು ಎತ್ತಲಿಲ್ಲ. ನಾಯಕ ಮೂರು ದಿನ ಕಾದ. ನಾಲ್ಕನೆಯ ದಿನ ಅವನಿಗೇ ನಗು ಬಂತಂತೆ, ಅಮ್ಮ ಇಲ್ಲೇ ಇರಲಿ ಎಂದನಂತೆ. ಬೆಳ್ಳಿಯ ಪೀಠ ಕರಗಿಸಿ ಕುರಿಗಳ ಕೊರಳಿಗೆ ಗೆಜ್ಜೆ ಮಾಡಿಸಿದ ಎನ್ನುತ್ತಾರೆ.

ಇಂದಿಗೂ ಮಾಳವ್ವನ ವಂಶದವರು ವರ್ಷಕ್ಕೊಂದು ಹೊಸ ಕಂಬಳಿಯನ್ನು ಅಮ್ಮನ ಸುತ್ತ, ಹಳೆಯದನ್ನು ಎತ್ತದೆ ಅದರ ಮೇಲೆಯೇ ಹಾಸುತ್ತಾರೆ. ನಡುಹಗಲಿಗೆ ಹೋದವರು ಇನ್ನೊಂದನ್ನೂ ಕಾಣಬಹುದು. ಮಂದೆಗಳು ದೊಣೆಗೆ ಇಳಿಯುತ್ತವೆ, ಪೂಜಾರಿ ಅಭಿಷೇಕದ ಬಿಂದಿಗೆ ಹಿಡಿದು ಬದಿಗೆ ನಿಲ್ಲುತ್ತಾನೆ. ಆಮೇಲೆ ಕುರಿ ಕಾಯುವವರತ್ತ ತಿರುಗಿ, ದೊಡ್ಡ ದನಿಯಲ್ಲಿ, ಕುಡಿದು ಮುಗಿಯಿತೇ ಎಂದು ಕೇಳುತ್ತಾನೆ.

“ಇನ್ನೂ ಇಲ್ಲ” ಎನ್ನುತ್ತಾರೆ ಅವರು.